ರೈಡ್ ಪಾಯಿಂಟ್ ನಮ್ಮದೇ ಜಾಸ್ತಿ, ಮ್ಯಾಚ್ ಅವರದು. ಹಂಗಾದ್ರೆ ನಮ್ಮ ರೈಡಿಂಗ್ ಚೆನ್ನಾಗಿತ್ತಾ ಇಲ್ವಾ?

ಬೆಂಚ್_ಬಿಕಾಂ (ದಾವಣಗೆರೆ):

ಇಂಟರ್ ಕಾಲೇಜು ಕಬಡ್ಡಿ ಸೆಮಿಫೈನಲ್‌ನಲ್ಲಿ ನಮ್ಮ ಕಾಲೇಜು 28-34ರಲ್ಲಿ ಸೋತಿತು. ಎದುರಿಗಿದ್ದವರು ಚಿತ್ರದುರ್ಗ ಕಡೆಯ ಹುಡುಗರು. ನಾನು ಟೀಮಲ್ಲಿದೀನಿ, ಜರ್ಸಿನೂ ಕೊಟ್ಟಿದಾರೆ, ಮ್ಯಾಟ್ ಮೇಲೆ ಇಳಿಸೋದು ಮಾತ್ರ ಯಾವಾಗ್ಲೋ ಒಮ್ಮೆ. ಬಿ.ಕಾಂ ಫೈನಲ್ ಇಯರ್, ಸುಮ್ನೆ ಕೂತ್ಕೊಳ್ಳೋಕೆ ಆಗಲ್ಲ. ಅದಕ್ಕೆ ಅಪ್ಪನ ಅಂಗಡಿಯ ಉದ್ದನೆ ಲೆಕ್ಕದ ಪುಸ್ತಕ ಒಂದನ್ನ ತಂದು ಪ್ರತಿ ರೈಡೂ ಬರ್ಕೊಳ್ತೀನಿ: ಯಾರು ಹೋದ, ಏನು ತಂದ, ಔಟಾದ್ನಾ ಅಂತ. ಸ್ಕೋರರ್ ಟೇಬಲ್ಲಿನ ಶೀಟಿಗೂ ನನ್ನ ಪುಸ್ತಕಕ್ಕೂ ತಾಳೆ ನೋಡಿದೀನಿ, ಸರಿ ಇದೆ.

ಈಗ ವಿಷಯಕ್ಕೆ ಬರ್ತೀನಿ. ಮ್ಯಾಚ್ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ಮುಂದೆ ಇಟ್ಕೊಂಡು ಎಲ್ರೂ ಒಂದೇ ರಾಗ: "ರೈಡರ್‌ಗಳು ತಮ್ಮ ಕೆಲಸ ಮಾಡಿದ್ರು, ಡಿಫೆನ್ಸ್ ಮುಳುಗಿಸ್ತು." ಲೆಕ್ಕ ನೋಡಿದ್ರೆ ಹಂಗೇ ಕಾಣುತ್ತೆ. ನಮ್ಮ ರೈಡ್ ಪಾಯಿಂಟ್ 18, ಅವರದು 16. ನಮ್ಮ ಲೀಡ್ ರೈಡರ್, 7ನೇ ನಂಬರ್, ಒಬ್ಬನೇ 11 ತಂದ. ಮ್ಯಾಚ್ ಸೋತ ರಾತ್ರಿನೇ ಅರ್ಧ ಹಾಸ್ಟೆಲ್ ಸ್ಟೇಟಸ್‌ನಲ್ಲಿ ಅವನ ಫೋಟೋ, ಕೆಳಗೆ "ಸೂಪರ್ ಟೆನ್". ನಮ್ಮ ಎರಡೂ ಕಾರ್ನರ್ ಹುಡುಗರು (ಡಿಫೆನ್ಸ್‌ನ ಎರಡು ತುದಿಯಲ್ಲಿ ನಿಲ್ಲೋರು) ಮಾತ್ರ ತಲೆ ತಗ್ಗಿಸಿ ಕೂತಿದ್ರು. ನಂಗೆ ಅದು ಸರಿ ಅನ್ನಿಸ್ಲಿಲ್ಲ.

ಪೂರ್ತಿ ಲೆಕ್ಕ ಕೊಡ್ತೀನಿ, ನೀವೇ ನೋಡಿ. ನಮ್ಮ 28ರಲ್ಲಿ ಟಚ್ (ಎದುರಾಳಿನ ಮುಟ್ಟಿ ಬಂದಿದ್ದು) 9, ಬೋನಸ್ (ಬೋನಸ್ ಗೆರೆ ದಾಟಿ ಕಾಲಿಟ್ಟಿದ್ದು) 9, ಟ್ಯಾಕಲ್ (ಬಂದ ರೈಡರ್‌ನ ಹಿಡಿದಿದ್ದು) 8, ಮೂರೋ ಅದಕ್ಕಿಂತ ಕಡಿಮೆನೋ ಜನ ಇದ್ದಾಗ ಹಿಡಿದ ಸೂಪರ್ ಟ್ಯಾಕಲ್‌ನ ಹೆಚ್ಚುವರಿ 2. ಅವರ 34ರಲ್ಲಿ ಟಚ್ 14, ಬೋನಸ್ 2, ಟ್ಯಾಕಲ್ 14, ಎರಡು ಲೋನಾದ (ಒಂದು ಟೀಮಿನ ಎಲ್ರೂ ಔಟಾದ್ರೆ ಎದುರಿನವರಿಗೆ ಸಿಗೋ ಹೆಚ್ಚುವರಿ 2) 4. ನಾವು ಒಂದೂ ಲೋನಾ ಹಾಕ್ಲಿಲ್ಲ.

ನಾವು ಮಾಡಿದ್ದು ಒಟ್ಟು 40 ರೈಡ್. ಅದರಲ್ಲಿ 7ನೇ ನಂಬರ್ 20, ಎರಡನೇ ರೈಡರ್ 12, ಮೂರನೇಯವನು 7, ಒಂದು ಸಲ ಬೇರೆ ಗತಿ ಇಲ್ದೆ ನಮ್ಮ ರೈಟ್ ಕವರ್ (ಕಾರ್ನರ್‌ಗಿಂತ ಒಳಗಡೆ ನಿಲ್ಲೋ ಡಿಫೆಂಡರ್). 7ನೇ ನಂಬರಿನ 11ರಲ್ಲಿ ಬೋನಸ್ 7, ಟಚ್ 4. ಅವನು ಸಿಕ್ಕಿಬಿದ್ದಿದ್ದು 6 ಸಲ. ಎರಡನೇಯವನು 2 ಬೋನಸ್, 3 ಟಚ್, 4 ಸಲ ಔಟ್. ಮೂರನೇಯವನು 2 ಟಚ್, 3 ಸಲ ಔಟ್. ಕವರ್ ಹೋದ, ಸಿಕ್ಕಿಬಿದ್ದ.

ನನ್ನ ಪ್ರಶ್ನೆ ಇಷ್ಟೇ. ಸೋತ ಮ್ಯಾಚಲ್ಲಿ ರೈಡಿಂಗ್ ಚೆನ್ನಾಗಿತ್ತೋ ಇಲ್ವೋ ಅಂತ ಹೇಳೋಕೆ ರೈಡ್ ಪಾಯಿಂಟ್ ಒಂದನ್ನೇ ನೋಡಿದ್ರೆ ಸಾಕಾ? ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸ್ತಿದೆ, ಎಲ್ಲಿ ಅಂತ ಬೆರಳಿಟ್ಟು ತೋರ್ಸೋಕೆ ಆಗ್ತಿಲ್ಲ. ಕಬಡ್ಡಿ ಆಡಿದವರು, ಆಡಿಸಿದವರು ಯಾರಾದ್ರೂ ಇದ್ರೆ ಹೇಳಿ.

ದಾವಣಗೆರೆ_ಬುಲ್:

ಗುರು, ಸೋತಾಗ ಹೀರೋನ ಬೈಯೋದು ನಮ್ಮ ಊರಿನ ಚಟ. 11 ಪಾಯಿಂಟ್ ತಂದವನ ಮೇಲೆ ಆಡಿಟ್ ಮಾಡ್ತೀಯಲ್ಲಪ್ಪ! 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್ ಮರ್ತ್ಬಿಟ್ಯಾ? ಗುಜರಾತ್ ಮೇಲೆ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ, ಬೆಂಗಳೂರು ಬುಲ್ಸ್ 38-33ರಲ್ಲಿ ಕಪ್ ಎತ್ತಿತು. ಒಬ್ಬ ರೈಡರ್ ನಿಂತ್ರೆ ಮ್ಯಾಚ್ ನಿಲ್ಲುತ್ತೆ. ನಿಮ್ಮವನು ನಿಂತಿದ್ದ. ಹಿಂದೆ ಇದ್ದ ಆರು ಜನ ಏನ್ ಮಾಡ್ತಿದ್ರು? 14 ಟಚ್ ಕೊಟ್ಟಿದಾರೆ, ಅದನ್ನ ಕೇಳು ಮೊದಲು.

ಇನ್ನೊಂದು, ಸೆಕೆಂಡ್ ಹಾಫಲ್ಲಿ ಅಂಪೈರ್ ಕೊಟ್ಟ ಲಾಬಿ (ಮ್ಯಾಟಿನ ಎರಡೂ ಪಕ್ಕದ ಪಟ್ಟಿ) ಡಿಸಿಷನ್ ನೂರಕ್ಕೆ ನೂರು ತಪ್ಪು. ನಾನು ಆ ಕಡೆನೇ ನಿಂತಿದ್ದೆ.

ಹರಿಹರ_ಎಡಕಾರ್ನರ್:

ತಮ್ಮಾ, ನಿನ್ನ ಪುಸ್ತಕ ಛಲೋ ಐತಿ. ನೀನು ಹುಡುಕೋದು ಅದರಾಗೇ ಐತಿ, ಕೂಡಿಸೋ ರೀತಿ ಮಾತ್ರ ಬದಲಾಗಬೇಕು.

ನಾನು ಕಾಲೇಜಿನಾಗ ಲೆಫ್ಟ್ ಕಾರ್ನರ್ ಆಡಿದೋನು. ಈಗ ಹರಿಹರದಾಗ ಹಾರ್ಡ್‌ವೇರ್ ಅಂಗಡಿ, ಮೊಣಕಾಲು ಮಳೆಗಾಲದಾಗ ಹವಾಮಾನ ವರದಿ ಕೊಡ್ತೈತಿ. ಆದ್ರೂ ಸಂಜೆ ಹುಡುಗರು ಆಡೋದು ಕಂಡ್ರ ನಿಂತು ನೋಡೇ ಮುಂದ ಹೋಗೋದು.

ಟಚ್ ಪಾಯಿಂಟಿಗೂ ಬೋನಸ್ ಪಾಯಿಂಟಿಗೂ ಬೋರ್ಡಿನ ಮ್ಯಾಲ ಬೆಲೆ ಒಂದೇ. ಮ್ಯಾಟಿನ ಮ್ಯಾಲ ಒಂದೇ ಅಲ್ಲ. ನೀನು ಎದುರಾಳೀನ ಮುಟ್ಟಿ ಬಂದ್ರ ಅವರ ಕಡೆ ಒಬ್ಬ ಹೊರಗೆ ಹೋಗ್ತಾನ, ನಿನ್ನ ಕಡೆ ಹೊರಗೆ ಕೂತೋನು ಒಬ್ಬ ಒಳಗೆ ಬರ್ತಾನ. ಬೋನಸ್ ಗೆರೆ ದಾಟಿ ಬಂದ್ರ ಪಾಯಿಂಟ್ ಬಂತು, ಅಷ್ಟೇ. ಅವರ ಕಡೆ ಯಾರೂ ಹೋಗಂಗಿಲ್ಲ, ನಿನ್ನ ಕಡೆ ಯಾರೂ ಬರಂಗಿಲ್ಲ. ಗಲ್ಲಾದಾಗ ರೊಕ್ಕ ಬೀಳ್ತಾ ಐತಿ, ಗೋಡೌನ್ ಮಾತ್ರ ಖಾಲಿ ಆಗ್ತಾ ಐತಿ, ಹಂಗಾತು ನಿಮ್ಮ ಕಥಿ.

ಈಗ ನಿನ್ನ ಲೆಕ್ಕಾನೇ ಬೇರೆ ರೀತಿ ಹಾಕು. ನಿಮ್ಮ ರೈಡರ್‌ಗಳು ಹೊರಗೆ ಕಳಿಸಿದ್ದು 9 ಜನಾನ. ಆ ಕೆಲಸಕ್ಕ ಹೋಗಿ ತಾವೇ ಔಟ್ ಆಗಿದ್ದು 14 ಸಲ. ಅಂದ್ರ ನಿಮ್ಮ ರೈಡಿಂಗ್‌ನಿಂದ ನಿಮಗ 5 ಜನ ಕಮ್ಮಿ. ಅವರದು ನೋಡು: 14 ಮುಟ್ಟ್ಯಾರ, 8 ಸಲ ಸಿಕ್ಕಿಬಿದ್ದಾರ. 6 ಜನ ಜಾಸ್ತಿ. ಬೋರ್ಡಿನಾಗ 18-16 ಅಂತ ನೀವು ಮುಂದ, ಮ್ಯಾಟಿನಾಗ 11 ಜನರಷ್ಟು ಹಿಂದ. ಇನ್ನ ಕಾರ್ನರ್ ಹುಡುಗರು ಯಾರನ್ನ ಹಿಡಿಬೇಕು? ಬಾಜೂಕ ಕವರ್ ಇಲ್ದ ಒಬ್ಬನೇ ಹೋಗಿ ಆಂಕಲ್ ಹೋಲ್ಡ್ ಹಾಕಿದ್ರ ರೈಡರ್ ಎಳಕೊಂಡು ನಡುಗೆರಿ ಮುಟ್ತಾನ. ಕಾರ್ನರ್ ಹಿಡಿದು ನಿಲ್ಲಿಸಬೇಕು, ಕವರ್ ಬಂದು ಕೆಡವಬೇಕು. ಮೂರು ಮಂದಿ ಇಟ್ಕೊಂಡು ಎರಡು ಸೂಪರ್ ಟ್ಯಾಕಲ್ ಮಾಡ್ಯಾರ ಅಂದ್ರ ಆ ಹುಡುಗರಿಗೆ ಕೈ ಮುಗಿಬೇಕು.

ಇನ್ನೊಂದು ಮಾತು ಯಾರೂ ಯೋಚಿಸಂಗಿಲ್ಲ. ಎದುರಿಗೆ 6 ಜನ ಅಥವಾ 7 ಜನ ಇದ್ದಾಗ ಮಾತ್ರ ಬೋನಸ್ ಸಿಗೋದು. 5ಕ್ಕ ಇಳಿದ್ರ ಆ ಗೆರಿ ಇದ್ದೂ ಇಲ್ಲದಂಗ. ನಿಮಗ 9 ಬೋನಸ್ ಸಿಕ್ಕೈತಿ ಅಂದ್ರ ಏನರ್ಥ? ಅವರ ಮ್ಯಾಟ್ ಯಾವಾಗ್ಲೂ ತುಂಬೇ ಇತ್ತು. ಬೋನಸ್ ಜಾಸ್ತಿ ಆಗಿದ್ದು ನಿಮ್ಮ ರೈಡಿಂಗ್ ಜೋರಾಗಿದ್ದಕ್ಕಲ್ಲ, ನೀವು ಯಾರನ್ನೂ ಹೊರಗೆ ಕಳಿಸಲಾರದಕ್ಕ. ನಾನು ಅವರ ಕೋಚ್ ಆಗಿದ್ರೂ ಅದನ್ನೇ ಹೇಳ್ತಿದ್ದೆ: ಅವನಿಗೆ ಬೋನಸ್ ಬೇಕಾ, ಕೊಡ್ರಿ, ಮೈ ಮುಟ್ಟಾಕ ಬಿಡಬ್ಯಾಡ್ರಿ.

ಒಂದು ಕೇಳ್ತೀನಿ. ಮೊದಲನೇ ಲೋನಾ ಹೆಂಗ ಬಿತ್ತು, ರೈಡ್ ರೈಡಿಗೂ ಬರಿ ನೋಡೋಣ.

ಬೆಂಚ್_ಬಿಕಾಂ:

ಅಣ್ಣಾ, ಆ 9ಕ್ಕೆ 14 ಅನ್ನೋ ಲೆಕ್ಕ ಹಾಕಿ ಒಂದು ನಿಮಿಷ ಪುಸ್ತಕ ಮುಚ್ಚಿಟ್ಟೆ. ಅದೇ ಸಿಕ್ತಿರ್ಲಿಲ್ಲ ನಂಗೆ. ಕೇಳಿದ್ರಲ್ಲ, ಮೊದಲನೇ ಲೋನಾ ಬರೀತೀನಿ.

ಸ್ಕೋರ್ 8-8. ಮ್ಯಾಟ್ ಮೇಲೆ ನಮ್ಮವರು 5 ಜನ, ಎರಡೂ ಕಾರ್ನರ್ ಹೊರಗೆ ಕೂತಿದಾರೆ. 7ನೇ ನಂಬರ್ ಹೋದ. ಎದುರಿಗೆ 7 ಜನ. ಸೀದಾ ಎಡಕ್ಕೆ ನುಗ್ಗಿ ಬೋನಸ್ ಗೆರೆ ದಾಟಿಸಿ ಒಂದು ಕಾಲಿಟ್ಟ, ಇನ್ನೊಂದು ಕಾಲು ಗಾಳಿಯಲ್ಲಿ, ಚೆಂದದ ಬೋನಸ್. ಅಂಪೈರ್ ಕೈ ಎತ್ತಿದ್ರು, ನಮ್ಮ ಕಡೆ ಎಲ್ರೂ ಚಪ್ಪಾಳೆ. ಅದೇ ಹೊತ್ತಿಗೆ ಅವರ ಕಾರ್ನರ್ ಆ ಗೆರೆ ದಾಟಿದ ಕಾಲನ್ನೇ ಹಿಡಿದ, ಕವರ್ ಬಂದು ಸೊಂಟಕ್ಕೆ ಬಿದ್ದ. ನಮಗೆ 1, ಅವರಿಗೆ 1. 9-9. ಬೋರ್ಡ್ ಸಮ. ನಮ್ಮವರು ಈಗ 4.

ಅವರ ರೈಡ್: ನಮ್ಮ ಲೆಫ್ಟ್ ಕವರ್‌ನ ಮುಟ್ಟಿ ಹೋದ. 9-10, ನಾವು 3. ನಮ್ಮ ಎರಡನೇ ರೈಡರ್ ಹೋದ, ಖಾಲಿ ಬಂದ. 3 ಜನ ಇದ್ರೆ ಸೂಪರ್ ಟ್ಯಾಕಲ್ ಭಯ ಅಲ್ವಾ, ಅವರ ರೈಡರೂ ಬಾಕ್ ಲೈನ್ (ರೈಡರ್ ದಾಟಲೇಬೇಕಾದ ಗೆರೆ) ದಾಟಿ ಹಂಗೇ ವಾಪಸ್. ನಾವು ಮತ್ತೆ ಖಾಲಿ. ಅವರೂ ಖಾಲಿ. ಈಗ ನಮಗೆ ಡೂ ಆರ್ ಡೈ, ಅಂದ್ರೆ ಎರಡು ರೈಡ್ ಖಾಲಿ ಹೋದ್ಮೇಲೆ ಮೂರನೇದ್ರಲ್ಲಿ ಪಾಯಿಂಟ್ ತರ್ಲೇಬೇಕು, ಇಲ್ಲಾಂದ್ರೆ ರೈಡರ್ ಔಟ್. ಮೂರನೇ ರೈಡರ್‌ನ ಕಳಿಸಿದ್ರು. ಅವನು ನಡುಗೆರೆ ದಾಟೋಕೂ ಮುಂಚೆನೇ ಅವರು ಏಳೂ ಜನ ಕೈ ಕೈ ಹಿಡ್ಕೊಂಡು ಹಿಂದೆ ಸರಿದಿದ್ರು. ಚೈನ್ ಹಾಕಿದ್ರು, ಮುಗೀತು. 9-11, ನಾವಿಬ್ಬರು. ಅವರು ಬಂದು ಎರಡನೇ ರೈಡರ್‌ನ ಮುಟ್ಟಿದ್ರು, 9-12. ಉಳಿದಿದ್ದು ರೈಟ್ ಕವರ್ ಒಬ್ಬನೇ. ಅವನಿಗೆ ರೈಡ್ ಮಾಡಿ ಗೊತ್ತೇ ಇಲ್ಲ, ಪಾಪ. ಹೋದ, ಥೈ ಹೋಲ್ಡ್. 9-13, ಲೋನಾ ಸೇರಿ 9-15.

ಆ ಬೋನಸ್ ಆದ ಮೇಲೆ ಅವರು ತಗೊಂಡಿದ್ದು ಸತತ 6 ಪಾಯಿಂಟ್. ಮ್ಯಾಚ್ ಸೋತಿದ್ದೂ 6ರಲ್ಲೇ. ಹಾಫ್ ಟೈಮಿಗೆ 12-17. ಸೆಕೆಂಡ್ ಹಾಫ್ 16-17, ಅಂದ್ರೆ ಸಮಸಮ.

ಇನ್ನೊಂದು ನೋಡಿದೆ. ಆಟಗಾರರು ಔಟ್ ಆದ ಸರದಿಯಲ್ಲೇ ಒಳಗೆ ಬರಬೇಕಲ್ವಾ, ನಮ್ಮ 7ನೇ ನಂಬರ್ ಪ್ರತಿ ಸಲ ಔಟ್ ಆದಾಗ್ಲೂ ಅವನ ಮುಂದೆ ಒಬ್ಬರೋ ಇಬ್ಬರೋ ಕ್ಯೂನಲ್ಲಿ ಇರ್ತಿದ್ರು. ಅವನು ಒಳಗೆ ಬರೋಕೆ ಒಂದು ಪಾಯಿಂಟ್ ಸಾಲಲ್ಲ, ಎರಡು ಮೂರು ಬೇಕು. ಫ್ರೆಂಡ್ ಮೊಬೈಲಿನ ವಿಡಿಯೊದಲ್ಲಿ ಸಮಯ ಲೆಕ್ಕ ಹಾಕಿದ್ರೆ 40 ನಿಮಿಷದಲ್ಲಿ ಹೆಚ್ಚು ಕಡಿಮೆ 13 ನಿಮಿಷ ಅವನು ನನ್ನ ಪಕ್ಕದಲ್ಲೇ ಕೂತಿದ್ದ, ನೀರು ಕುಡೀತಾ. ಒಳ್ಳೆ ಕಂಪನಿ, ಆದ್ರೆ ಲೀಡ್ ರೈಡರ್ ಇರಬೇಕಾದ ಜಾಗ ಅದಲ್ಲ.

9 ಬೋನಸ್‌ನಲ್ಲಿ 5 ಬಂದಿದ್ದು ನಮ್ಮವರು 4 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ. ಅಂದ್ರೆ ಜನ ಬೇಕಾದ ಹೊತ್ತಲ್ಲಿ ನಾವು ಪಾಯಿಂಟ್ ತಗೊಂಡು ಬರ್ತಿದ್ವಿ.

ದಾವಣಗೆರೆ_ಬುಲ್:

ಅಂದ್ರೆ ಬೋನಸ್ ತಗೊಳ್ಳೋದೇ ತಪ್ಪಾ? ರೂಲ್ ಬುಕ್ಕಲ್ಲಿ ಯಾಕೆ ಇಟ್ಟಿದಾರೆ ಮತ್ತೆ? 28ರಲ್ಲಿ 9 ತೆಗೆದ್ರೆ 19. ಆಗ 19-34 ಸೋಲ್ತಿದ್ರಿ, ಮುಖ ತೋರ್ಸೋಕೂ ಆಗ್ತಿರ್ಲಿಲ್ಲ.

ಸೀಟಿ_ಮೇಷ್ಟ್ರು:

ಇಬ್ಬರ ಮಾತಲ್ಲೂ ಹುರುಳಿದೆ. ನಾನು ದೈಹಿಕ ಶಿಕ್ಷಕ, ಅಂಪೈರಿಂಗ್ ಕೂಡ ಮಾಡುತ್ತೇನೆ. ಈ ಮ್ಯಾಚಿಗೆ ನಾನಿರಲಿಲ್ಲ, ಹಾಗಾಗಿ ಲಾಬಿ ವಿಚಾರಕ್ಕೆ ನನ್ನನ್ನು ಎಳೆಯಬೇಡಿ.

ಬೋನಸ್ ತಪ್ಪಲ್ಲ. ನಿಮ್ಮ ಏಳೂ ಜನ ಮ್ಯಾಟ್ ಮೇಲಿದ್ದಾಗ ಟಚ್ ತಂದರೂ ಒಳಗೆ ಬರುವವರು ಯಾರೂ ಇರುವುದಿಲ್ಲ. ಆಗ ಬೋನಸ್ಸಿನಿಂದ ಆಗುವ ನಷ್ಟ ಕಡಿಮೆ. ಎರಡು ರೈಡ್ ಖಾಲಿ ಹೋಗಿ ಮೂರನೆಯದು ತಲೆ ಮೇಲೆ ಬಂದಾಗ ಎದುರಿಗೆ ಆರೇಳು ಜನ ಇದ್ದರೆ ಬೋನಸ್ ತಂದರೂ ಡೂ ಆರ್ ಡೈ ಮುಗಿದಂತೆ. ಕೊನೆಯ ನಿಮಿಷದಲ್ಲಿ ಸಮಬಲ ಇದ್ದಾಗ ಆ ಒಂದು ಪಾಯಿಂಟೇ ಮ್ಯಾಚ್. ಎಲ್ಲಕ್ಕಿಂತ ಮುಖ್ಯವಾಗಿ, ಬೋನಸ್ ತಗೊಳ್ಳುವ ರೈಡರ್‌ಗೆ ಡಿಫೆನ್ಸ್ ಹೆದರುತ್ತದೆ. ಕಾಲು ಗೆರೆಯ ಕಡೆ ಹೋಗುತ್ತಿದ್ದಂತೆ ಕಾರ್ನರ್ ಮುಂದೆ ಬರುತ್ತಾನೆ. ಮುಂದೆ ಬಂದವನ ಕೈ ಎಲ್ಲಿರುತ್ತದೆ? ನಿಮ್ಮ ಕೈಗೆ ಸಿಗುವಷ್ಟು ಹತ್ತಿರ. ಒಳ್ಳೆಯ ರೈಡರ್ ಹತ್ತು ಸಲ ಕಾಲು ತೋರಿಸಿ ಎರಡೇ ಸಲ ಇಡುತ್ತಾನೆ, ಉಳಿದ ಎಂಟರಲ್ಲಿ ಆ ಕೈ ಮುಟ್ಟಲು ನೋಡುತ್ತಾನೆ. ನಿಮ್ಮ 7ನೇ ನಂಬರ್ ತೋರಿಸುತ್ತಿಲ್ಲ, ಪ್ರತಿ ಸಲ ಇಡುತ್ತಿದ್ದಾನೆ. ಅದು ಎದುರಾಳಿಗೂ ಗೊತ್ತಾಗಿದೆ.

ಅಳತೆ ಒಮ್ಮೆ ನೆನಪಿಸಿಕೊಳ್ಳಿ. ನಡುಗೆರೆಯಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಬೋನಸ್ ಗೆರೆ ಇನ್ನೊಂದು ಮೀಟರ್. ಅಂದರೆ ಬೋನಸ್ ಇಟ್ಟವನು ಮನೆಯಿಂದ 4.75 ಮೀಟರ್ ದೂರದಲ್ಲಿ, ಒಂದು ಕಾಲಿನ ಮೇಲೆ, ಮೈ ಪೂರ್ತಿ ಮುಂದಕ್ಕೆ ವಾಲಿಸಿಕೊಂಡು ನಿಂತಿರುತ್ತಾನೆ. ಕಾರ್ನರ್‌ಗೆ ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ. ತಿರುಗಿ ಓಡುವ ದಾರಿ ಮೊದಲೇ ನೋಡಿಕೊಳ್ಳದೆ ಕಾಲಿಡುವವನಿಗೆ ನಾನು ಅಭ್ಯಾಸದಲ್ಲಿ ಪಾಯಿಂಟೇ ಕೊಡುವುದಿಲ್ಲ.

ಬುಲ್ ಅವರೇ, ಪವನ್ ಉದಾಹರಣೆ ಕೊಟ್ಟಿರಿ, ಒಪ್ಪಿದೆ. ಅದೇ 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ನಡೆದ ಮುಂದಿನ ಸೀಸನ್ನಿನ ಫೈನಲ್ ನೋಡಿ. ದಬಂಗ್ ಡೆಲ್ಲಿಯ ನವೀನ್ ಕುಮಾರ್ 18 ಪಾಯಿಂಟ್ ತಂದರು. ಕಪ್ ಹೋಗಿದ್ದು 39-34ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ. ಆ ದಿನ ಬೆಂಗಾಲ್‌ಗೆ ತಮ್ಮ ದೊಡ್ಡ ರೈಡರ್ ಮಣಿಂದರ್ ಸಿಂಗ್ ಗಾಯದಿಂದಾಗಿ ಇರಲೇ ಇಲ್ಲ. ಇರಾನಿನ ನಬಿಬಕ್ಷ್, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ ಭಾರ ಹಂಚಿಕೊಂಡರು. ಕೋಚ್ ಯಾರು? ನಮ್ಮವರೇ, ಬಿ.ಸಿ. ರಮೇಶ್. ಒಬ್ಬ ನಿಂತರೆ ಮ್ಯಾಚ್ ನಿಲ್ಲುತ್ತದೆ ಅನ್ನುವುದು ಕೆಲವು ದಿನದ ಮಾತು, ಎಲ್ಲ ದಿನದ್ದಲ್ಲ.

ಡಿಫೆನ್ಸ್‌ಗೆ ಪೂರ್ತಿ ಮಾಫಿ ಕೊಡಲು ಮಾತ್ರ ನನಗೆ ಮನಸ್ಸಿಲ್ಲ. 14 ಟಚ್ ಕೊಟ್ಟಿದ್ದು ಎಷ್ಟು ಸಲ ನೀವು ಐದಕ್ಕಿಂತ ಹೆಚ್ಚು ಜನ ಇದ್ದಾಗ? ಅದೂ ಪುಸ್ತಕದಲ್ಲಿ ಇದ್ದರೆ ತೆಗೆದು ನೋಡಿ. ತುಂಬಿದ ಮ್ಯಾಟ್ ಮೇಲೆ ಕೊಟ್ಟ ಟಚ್‌ಗೆ ರೈಡರ್ ಕಾರಣ ಅಲ್ಲ. ಇನ್ನು ಮುಂದೆ ಪುಸ್ತಕದಲ್ಲಿ ಇನ್ನೆರಡು ಕಾಲಂ ಹಾಕಿ: ಪ್ರತಿ ರೈಡ್ ಶುರುವಾಗುವಾಗ ನಮ್ಮವರು ಎಷ್ಟು, ಅವರು ಎಷ್ಟು. ಬೇರೇನೂ ಬೇಡ.

ಜಗಳೂರು_ಮಣ್ಣು:

ಇದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ. ಆ ಮೂರನೇ ರೈಡರ್ ನಾನೇ. ಬೆಂಚ್_ಬಿಕಾಂ ಯಾರು ಅಂತಾನೂ ಗೊತ್ತಾಯ್ತು ಬಿಡು ಲೇ, ಆ ಉದ್ದನೆ ಪುಸ್ತಕ ಇನ್ಯಾರ ಹತ್ರ ಇರುತ್ತೆ.

7 ರೈಡ್, 2 ಟಚ್, 3 ಔಟ್ ಅಂತ ಬರೆದಿದೀಯ. ಸರಿ ಐತೆ. ಆದ್ರೆ ಆ 7ರಲ್ಲಿ 3 ಡೂ ಆರ್ ಡೈ ಅಂತ ಬರೀಲಿಲ್ಲ. ಟೀಮಿಗೆ ಬಂದಿದ್ದು ಒಟ್ಟು 4, ಅದರಲ್ಲಿ 3 ನಂಗೆ. ಒಂದರಲ್ಲಿ ಕಾರ್ನರ್‌ನ ಕಾಲು ಮುಟ್ಟಿ ಬಂದೆ, ಎರಡರಲ್ಲಿ ಬಿದ್ದೆ. ಇನ್ನೊಂದು ಎರಡನೇ ರೈಡರ್ ಹೋದ, ಅವನೂ ಬಿದ್ದ. 7ನೇ ನಂಬರ್ ಒಂದೂ ತಗೊಳ್ಳಿಲ್ಲ. ಅವನು ಉಳೀಬೇಕು ಅನ್ನೋದು ಪ್ಲ್ಯಾನ್. ಹೇಳಿದ್ದು ನಮ್ಮ ಕಡೆಯವರೇ, ತಪ್ಪು ಅಂತ ನಾನು ಹೇಳ್ತಿಲ್ಲ.

ಆದ್ರೆ ಅಲ್ಲಿ ಹೋಗಿ ನಿಂತ್ರೆ ಹೆಂಗಿರುತ್ತೆ ಗೊತ್ತಾ? ಬೇರೆ ರೈಡಲ್ಲಿ ಡಿಫೆಂಡರ್‌ಗೂ ಭಯ ಇರುತ್ತೆ, ಇವನು ಮುಟ್ತಾನೋ ಬೋನಸ್ ಇಡ್ತಾನೋ ಸುಮ್ನೆ ಹೋಗ್ತಾನೋ ಅಂತ. ಡೂ ಆರ್ ಡೈನಲ್ಲಿ ಅವರಿಗೆ ಭಯನೇ ಇಲ್ಲ. ರೈಡಿನ 30 ಸೆಕೆಂಡೂ ಅವರ ಕೈಯಲ್ಲಿ ಐತೆ. ನಾನೇ ಬರಬೇಕು, ಬಂದೇ ಬರ್ತೀನಿ ಅಂತ ಗೊತ್ತು. ಕಾರ್ನರ್ ಎಂಡ್ ಲೈನಿಗೆ ಹಿಮ್ಮಡಿ ಒತ್ತಿ ನಿಲ್ತಾನೆ. ಕವರ್ ನನ್ನ ಕಣ್ಣೇ ನೋಡಲ್ಲ, ಸೊಂಟ ನೋಡ್ತಾನೆ. ಸೊಂಟ ಯಾವ ಕಡೆ ತಿರುಗುತ್ತೋ ಕಾಲು ಆ ಕಡೆನೇ ಹೋಗೋದು. 20 ಸೆಕೆಂಡ್ ಆದ ಮೇಲೆ ಕಬಡ್ಡಿ ಕಬಡ್ಡಿ ಅನ್ನೋದು ಬಾಯಲ್ಲಿ ಒಣಗಿರುತ್ತೆ, ಹೊರಗಿಂದ ನಮ್ಮೋರೇ "ಹೋಗೋ ಹೋಗೋ" ಅಂತ ಕೂಗ್ತಿರ್ತಾರೆ. ಎಲ್ಲಿಗೆ ಹೋಗ್ಲಿ?

ಮತ್ತೆ ಹತ್ತು ನಿಮಿಷ ಒಂದೂ ರೈಡ್ ಕೊಡದೆ ನಿಲ್ಲಿಸಿ ಸೀದಾ ಡೂ ಆರ್ ಡೈಗೆ ಕಳಿಸ್ತಾರೆ. ಮೈ ತಣ್ಣಗಾಗಿರುತ್ತೆ. ನಾನು ಊರಲ್ಲಿ ಮಣ್ಣಿನ ಮೇಲೆ ಆಡಿ ಬಂದೋನು. ಮ್ಯಾಟ್ ಮೇಲೆ ಶೂ ಹಾಕ್ಕೊಂಡು ತಿರುಗೋದಕ್ಕೆ ಮೊದಲ ಎರಡು ರೈಡ್ ಬೇಕು. ಮಣ್ಣಲ್ಲಿ ಕಾಲು ಜಾರಿಸಿ ತಿರುಗಬಹುದು, ಮ್ಯಾಟ್ ಕಾಲು ಹಿಡ್ಕೊಳ್ಳುತ್ತೆ.

ಇನ್ನೊಂದು ಯಾರೂ ಹೇಳಿಲ್ಲ. ನಾವು ಮೂರೂ ಜನ ಹೋಗೋದು ಒಂದೇ ಕಡೆಗೆ. ಮೂವರಿಗೂ ಎಡಗಡೆನೇ ಕೈ ಬರೋದು. ಅವರ ಆ ಕಡೆ ಕಾರ್ನರ್ ಹುಡುಗ ನೋಡಿ ನೋಡಿ ಪಾಠ ಮಾಡ್ಕೊಂಡ. ಈ ಕಡೆ ಕಾರ್ನರ್‌ಗೆ ಕೆಲಸನೇ ಇರ್ಲಿಲ್ಲ, ಮ್ಯಾಚ್ ಮುಗಿದಾಗ ಅವನ ಮೊಣಕೈ ಕೂಡ ಕೆಂಪಾಗಿರ್ಲಿಲ್ಲ.

ಹರಿಹರ_ಎಡಕಾರ್ನರ್:

ಜಗಳೂರು ತಮ್ಮಾ, ನೀ ಹೇಳಿದ್ದು ಬರೋಬ್ಬರಿ. ಸೊಂಟ ನೋಡೋದು ಖರೇ, ನಮಗೂ ಅದೇ ಕಲಿಸಿದ್ರು. ಕಣ್ಣು ಸುಳ್ಳು ಹೇಳ್ತಾವ, ಭುಜ ಸುಳ್ಳು ಹೇಳ್ತಾವ, ಸೊಂಟ ಹೇಳಂಗಿಲ್ಲ.

ನಾನು ಇದ್ರ ಹಿಂಗ ಮಾಡ್ತಿದ್ದೆ. ಡೂ ಆರ್ ಡೈ ಅನ್ನೋದು ಕೊನೇ ರೈಡರ್‌ನ ಹಣೆಗೆ ಕಟ್ಟೋದು ನಿಲ್ಲಿಸಬೇಕು. ಎರಡನೇ ಖಾಲಿ ರೈಡಿಗೇ ಯೋಚನೆ ಶುರು ಆಗಬೇಕು: ಮುಂದಿನದು ಯಾರದು, ಎದುರಿಗೆ ಎಷ್ಟು ಮಂದಿ. ಎದುರಿಗೆ 6-7 ಇದ್ರ 7ನೇ ನಂಬರ್ ಹೋಗಲಿ, ಬೋನಸ್ ಇಡೋದು ಅವನಿಗೆ ಬರ್ತೈತಿ, ಅಲ್ಲಿ ಆ ವಿದ್ಯೆ ಉಪಯೋಗಕ್ಕ ಬರಲಿ. 5 ಮತ್ತ ಕಮ್ಮಿ ಇದ್ರ ಬೋನಸ್ ಇಲ್ಲ, ಜಾಗ ಜಾಸ್ತಿ, ಆಗ ಈ ಜಗಳೂರು ಹುಡುಗ ಹೋಗಲಿ, ಮುಟ್ಟೋ ಕೈ ಇವನದು. ನೀವು ಮಾಡಿದ್ದು ಅದರ ಉಲ್ಟಾ. ಬೋನಸ್ ಗೊತ್ತಿಲ್ಲದೋನ್ನ 7 ಜನರ ಮ್ಯಾಲ ಕಳಿಸಿ, ಬೋನಸ್ ಗೊತ್ತಿರೋನ್ನ ಹೊರಗೆ ಕೂಡಿಸಿದ್ರಿ.

ನಿಮ್ಮವರು 4ಕ್ಕ ಇಳಿದ ಮ್ಯಾಲ 7ನೇ ನಂಬರಿಗೆ ಬೋನಸ್ ಬಂದ್ ಅಂತ ಹೇಳ್ರಿ. ಮುಟ್ಟಿ ಬಾ, ಇಲ್ಲಾ ಬಾಕ್ ಲೈನ್ ದಾಟಿ ಸುರಕ್ಷಿತ ಬಾ. ಕ್ಯಾಪ್ಟನ್ ಒಳಗೆ ಇಲ್ಲದಿದ್ರ ಹೊರಗಿಂದ ಯಾರರ ಬೆರಳು ತೋರಿಸ್ರಿ.

ಬೆಂಚ್_ಬಿಕಾಂ:

ಮೇಷ್ಟ್ರು ಸರ್, ನೀವು ಕೇಳಿದ್ದು ತೆಗೆದು ನೋಡಿದೆ. 14 ಟಚ್‌ನಲ್ಲಿ 6 ನಾವು ಆರೋ ಏಳೋ ಜನ ಇದ್ದಾಗ ಕೊಟ್ಟಿದ್ದು. ಅದರಲ್ಲಿ 4 ನಮ್ಮ ಕವರ್‌ಗಳು ಆತುರಪಟ್ಟು ಮುಂದೆ ನುಗ್ಗಿದ್ದಕ್ಕೆ. ಆ 4 ಡಿಫೆನ್ಸ್ ಲೆಕ್ಕಕ್ಕೇ ಬರ್ಕೊಂಡಿದೀನಿ. ಉಳಿದ 8 ಟಚ್ ಬಂದಿದ್ದು ಐದಕ್ಕಿಂತ ಮೇಲೆ ಯಾರೂ ಇಲ್ದಾಗ. ಮಂಡಕ್ಕಿ ತಿಂದ ದಿನ ಹೇಳಿದಷ್ಟು ಡಿಫೆನ್ಸ್ ಕೆಟ್ಟಿರ್ಲಿಲ್ಲ, ಸ್ಟೇಟಸ್ ಹಾಕಿದಷ್ಟು ರೈಡಿಂಗ್ ಚೆನ್ನಾಗಿರ್ಲಿಲ್ಲ.

7ನೇ ನಂಬರ್ ಜೊತೆ ಇವತ್ತು ಕ್ಯಾಂಟೀನಲ್ಲಿ ಕೂತಿದ್ದೆ. 4-6 ಅಂತ ತೋರ್ಸಿದೆ, ನಾಲ್ಕು ಜನಾನ ಕಳಿಸಿದೀಯ, ಆರು ಸಲ ನೀನೇ ಹೋಗಿದೀಯ ಅಂತ. ಮೊದಲು ಮುಖ ಊದಿಸಿದ. ಆಮೇಲೆ ಅವನೇ ಕೇಳಿದ, "ಎರಡನೇಯವನದು ಎಷ್ಟು?" 3-4 ಅಂದೆ. "ಹಂಗಾದ್ರೆ ಎಲ್ರದ್ದೂ ಮೈನಸ್ಸೇ ಅಲ್ವೇನೋ," ಅಂದ. ಹೌದು, ಎಲ್ರದ್ದೂ ಮೈನಸ್ಸೇ. ಅದಕ್ಕೇ ಸೋತಿದ್ದು. ಕಾಲು ತೋರಿಸಿ ಕೈ ಮುಟ್ಟೋದನ್ನ ಸಂಜೆ ನಮ್ಮ ಕಾರ್ನರ್ ಹುಡುಗರ ಜೊತೆನೇ ಅಭ್ಯಾಸ ಮಾಡ್ತೀನಿ ಅಂದಿದಾನೆ. ಅವರು ಖುಷಿಯಾಗಿ ಹಿಡೀತಾರೆ ಅನ್ನೋದರಲ್ಲಿ ಅನುಮಾನ ಇಲ್ಲ, ಸ್ವಲ್ಪ ಸಿಟ್ಟೂ ಇದೆ.

ಜಗಳೂರು, ಡೂ ಆರ್ ಡೈಗೆ ಬೇರೆ ಕಾಲಂ ಹಾಕಿದೀನಿ. ಬಲಗಡೆಯಿಂದ ಹೋಗೋನು ಒಬ್ಬ ಬೇಕು ಅಂತ ನಮ್ಮ ಕಾಲೇಜಿನ ಸರ್‌ಗೂ ಹೇಳಿದೆ. ಫಸ್ಟ್ ಇಯರ್‌ನಲ್ಲಿ ಹೊನ್ನಾಳಿ ಕಡೆಯ ಎಡಗೈ ಹುಡುಗ ಒಬ್ಬ ಇದಾನೆ, ಟ್ರಯಲ್ಸ್‌ಗೆ ಲೇಟಾಗಿ ಬಂದ ಅಂತ ತಗೊಂಡಿರ್ಲಿಲ್ಲ. ಸೋಮವಾರ ಕರೆಸ್ತಾರಂತೆ.

ದಾವಣಗೆರೆ_ಬುಲ್:

ಸರಿ ಸರಿ, ಮೈನಸ್ ಒಪ್ಪಿದೆ. ಆದ್ರೆ ಆ ಲಾಬಿ ಡಿಸಿಷನ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಅವರ ರೈಡರ್ ಯಾರನ್ನೂ ಮುಟ್ಟೋಕೆ ಮುಂಚೆನೇ ಲಾಬಿಗೆ ಕಾಲಿಟ್ಟಿದ್ದ. ಮುಟ್ಟದೆ ಲಾಬಿಗೆ ಹೋದ್ರೆ ಔಟ್ ತಾನೇ?

ಸೀಟಿ_ಮೇಷ್ಟ್ರು:

ಔಟೇ. ಮುಟ್ಟಿದ ಮೇಲೆ ಮಾತ್ರ ಲಾಬಿ ಆಟಕ್ಕೆ ಸೇರುತ್ತದೆ. ಮೊದಲು ಯಾವುದಾಯಿತು ಅನ್ನುವುದಷ್ಟೇ ಪ್ರಶ್ನೆ, ಅದು ಅಲ್ಲಿ ನಿಂತ ಅಂಪೈರ್‌ಗೆ ಕಂಡಂತೆ.

ದಾವಣಗೆರೆ_ಬುಲ್:

ಅವರಿಗೆ ಕಂಡಿದ್ದೇ ತಪ್ಪು ಅಂತೀನಿ ಸರ್ ನಾನು.

ಬೆಂಚ್_ಬಿಕಾಂ:

ಅದೊಂದು ಪಾಯಿಂಟ್ ಅವರಿಂದ ತೆಗೆದು ನಮಗೆ ಕೊಟ್ರೂ 29-33. ಬೇರೆ ಪ್ರಶ್ನೆ ಹಾಕು ಗುರು, ಅಲ್ಲಿ ಬಂದು ಜಗಳ ಆಡ್ತೀನಿ.